ಈಟಿ ಪಕ್ಕದ ಮೂಳೆ

ಹಿರಿಯೂರು ಬಸ್ ನಿಲ್ದಾಣದಲ್ಲಿ ಕೂತಿದ್ದ ಓಬಮ್ಮನ ಕಿವಿಗೆ, ಪಕ್ಕದ ಕಾಲೇಜು ಹುಡುಗಿ ಮತ್ತು ಅವಳಜ್ಜಿಯ ಮಾತು ಬಿತ್ತು.

“ನಾವು ಅಗೆದ ಹಳೇ ಗೋರಿಯಾಗೆ ಮೂಳೆ ಪಕ್ಕ ಈಟಿ ಸಿಕ್ತಜ್ಜಿ. ಅದಕ್ಕೇ ಗಂಡಸು ಅಂತ ಬರಿ ಅಂತಾರೆ ನಮ್ಮ ಸರ್.”

“ಬರಿಯೇ, ನಿಂದೇನು ಹೋಗ್ತೈತೆ?”

“ಸೊಂಟದ ಮೂಳೆ ಹೆಂಗಸಿಂದು ಕಣಜ್ಜಿ. ಹಂಗ್ ಬರದ್ರೆ ಪಾಸ್ ಮಾಡಲ್ವಂತೆ.”

“ಫೇಲಾದ್ರೆ ಓದು ಬಿಡಿಸ್ತೀನಿ ಅಂದಾನೆ ನಿಮ್ಮಪ್ಪ. ಸತ್ತೋಳು ಎದ್ದು ಬಂದು ಕೇಳ್ತಾಳೇನೆ?”

“ನೀನು ಇಪ್ಪತ್ತು ವರ್ಷ ಈಟಿ ಹಿಡ್ದು ಕುರಿ ಕಾಯ್ದೆ, ತೋಳ ಓಡಿಸ್ದೆ. ನಿನ್ನೂ ಗಂಡಸು ಅಂತ ಬರೀಲಾ?”

ಅಷ್ಟರಲ್ಲಿ ಧರ್ಮಪುರದ ಬಸ್ಸು ಬಂತು. ಮೆಟ್ಟಿಲು ಹತ್ತುತ್ತ ಅಜ್ಜಿ ತಿರುಗಿ ನೋಡಿದಳು.

“ಹೆಂಗಸು ಅಂತ್ಲೇ ಬರಿ. ನಿಮ್ಮಪ್ಪಂಗೆ ಏನ್ ಹೇಳೋದು ಅಂತ ಊರು ಬರೋತನ್ಕ ಯೋಚ್ನೆ ಮಾಡಾಣ, ಬಾ.”