ಹನ್ನೊಂದನೆಯ ಸಾಲಿನ ಸಿಪಾಯಿ

“ಲೇ ಸುಣ್ಣದ ಬಕೀಟ, ಏಳನೇ ಕ್ಲಾಸೂ ದಾಟದವ ನೀ. ನಿನಗ್ಯಾಕ ಬೇಕಲೇ ಸಮಾಧಿ ಪುಸ್ತಕ? ಗ್ವಾಡಿ ಬಳಿಯೋದು ಬಿಟ್ಟು ಚರಿತ್ರೆ ಬರಿಯಾಂವ ಏನು?”

ನೋಡಿ ಪ್ರಿಯರೇ, ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಇದು ಅವನ ಮಾತು. ಎಲ್ಲಿ ಆಡಿದ? ಹೆಂಡದಂಗಡಿಯಲ್ಲಲ್ಲ. ಭಾನುವಾರದ ಆರಾಧನೆ ಮುಗಿದು, ಆಮೆನ್ ಇನ್ನೂ ಬಾಯಲ್ಲಿರುವಾಗ, ಚರ್ಚಿನ ಮೆಟ್ಟಿಲ ಮೇಲೆ, ಇಡೀ ಸಭೆಯ ಮುಂದೆ. ಅವನು ಸಭೆಯ ಹಿರಿಯ. ಯಾರನ್ನು ಎಲ್ಲಿ ಹೂಳಿದರೆಂದು ಬರೆದಿಡುವ ಆ ಪುಸ್ತಕದ ಕಪಾಟಿನ ಬೀಗದಕೈ ಅವನ ಜೇಬಿನಲ್ಲಿ. ಸಭೆ ಏನು ಮಾಡಿತು? ನಕ್ಕಿತು. ನಾವು ನೀವು ನಗುವ ಹಾಗೆಯೇ ನಕ್ಕಿತು.

ಬೈಸಿಕೊಂಡವನು ಮನೆಗಳಿಗೆ ಸುಣ್ಣ ಬಳಿಯುವವ, ಇಪ್ಪತ್ತೈದರ ಪ್ರಾಯ. ಆದರೂ ಪುಸ್ತಕಕ್ಕೆ ಕೈ ಚಾಚಿಯೇ ನಿಂತ. ಯಾಕೆ? ಮನೆಯಲ್ಲಿ ಅಜ್ಜಿ ಕಾಯುತ್ತಿದ್ದಳು.

ಆ ಅಜ್ಜಿಗೆ ಹದಿನಾರಿದ್ದಾಗ ಒಬ್ಬನ ಜೊತೆ ಮದುವೆ ನಿಶ್ಚಯವಾಗಿತ್ತು. ಅವನು ದೊಡ್ಡ ಯುದ್ಧಕ್ಕೆ, ಬರ್ಮಾದ ಕಾಡಿಗೆ ಹೋದ. ಎರಡು ವರ್ಷ ಕಾಗದವಿಲ್ಲ. ಸತ್ತನೆಂದು ಸುದ್ದಿ ಬಂತು. ಅವಳನ್ನು ಬೇರೊಬ್ಬನಿಗೆ ಕೊಟ್ಟರು. ಮದುವೆಯಾದ ಏಳನೇ ತಿಂಗಳಿಗೆ ಸತ್ತವನು ಒಂದು ಕಾಲು ಎಳೆಯುತ್ತ ಬಂದಿಳಿದ. ಏನೂ ಕೇಳಲಿಲ್ಲ. ಹತ್ತಿ ಗಿರಣಿಯ ಬಾಗಿಲು ಕಾಯ್ದ. ಒಂಟಿಯಾಗಿ ಮುದುಕನಾದ, ತೀರಿಕೊಂಡ. ಊರು ಅವನನ್ನು ಕುಂಟ ಸಿಪಾಯಿ ಎಂದಿತು, ಹೆಸರು ಹಿಡಿದು ಒಬ್ಬರೂ ಕರೆಯಲಿಲ್ಲ. ಅವನ ಮಣ್ಣಿನ ದಿನ, ಗುಂಡಿಗೆ ಒಂದು ಹಿಡಿ ಮಣ್ಣು ಹಾಕಲೆಂದು, ಅವಳು ಹೊಸ್ತಿಲವರೆಗೆ ಬಂದಳು. ಕಟ್ಟೆಯ ಮೇಲೆ ಗಂಡ, ಓಣಿಯ ತುಂಬ ಜನ. ತಿರುಗಿ ಒಳಗೆ ಹೋಗಿ ರೊಟ್ಟಿ ಬಡಿದಳು.

“ಈ ಓಣ್ಯಾಗ ಎಲ್ಲಾರಿಗೂ ಮಣ್ಣು ಕೊಟ್ಟೇನಿ. ಅವ್ರಿಗೊಂದು ಹಿಡಿ ಕೊಡಲಿಲ್ಲಪಾ. ಎಲ್ಲಿ ಮಲಗ್ಯಾರ, ಹುಡುಕಿ ಕೊಡು.”

“ಹೆಸರರೆ ಹೇಳಬೇ,” ಎಂದು ಮೊಮ್ಮಗ ಕೇಳಿದರೆ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಗಂಡನ ಹೆಸರು ಹೇಳಲು ನಮ್ಮ ಅಜ್ಜಿಯರು ನಾಚುತ್ತಾರಲ್ಲ, ಹಾಗೆ. ನೋಡಿ! ತಾಳಿ ಕಟ್ಟದವನ ಹೆಸರಿಗೆ ಅಷ್ಟು ಮರ್ಯಾದೆ.

ಸರಿ, ಆ ಮೊಮ್ಮಗ ಸೈನಿಕರ ಕಚೇರಿಗೆ ಆರು ಸಲ ಅಲೆದ. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಯಿತು. ಕೊನೆಗೆ ಹಳೆಯ ಕಟ್ಟಿನಲ್ಲಿ ಗಾಯದ ಟಿಪ್ಪಣಿ ಸಿಕ್ಕಿತು, ತೀರಿಕೊಂಡು ಪಿಂಚಣಿ ನಿಂತ ತಾರೀಖು ಸಿಕ್ಕಿತು, ಹೆಸರೂ ಸಿಕ್ಕಿತು: ಯೋನಪ್ಪ. ಆ ತಾರೀಖು ಹಿಡಿದೇ ಅವನು ಅಂದು ಮೆಟ್ಟಿಲ ಬಳಿ ನಿಂತದ್ದು.

“ತಗೋ, ಎಲ್ಲಾರ ಮುಂದ ಓದು,” ಎಂದು ಶ್ರೀಮಂತ ಪುಸ್ತಕವನ್ನು ಮೆಟ್ಟಿಲ ಮೇಲೆ ಒಗೆದ. ಯುವಕ ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಹನ್ನೊಂದನೆಯ ಸಾಲು, ಬೇವಿನ ಮರದ ಕಡೆಯಿಂದ ನಾಲ್ಕನೆಯದು.

ಓಡಿದ. ಸ್ಮಶಾನದ ಗೇಟಿನಿಂದ ಸಾಲು ಎಣಿಸಿದ. ಹನ್ನೊಂದರಲ್ಲಿ ನಾಲ್ಕನೆಯದು ಕಲ್ಲಿಲ್ಲದ, ಮುಳ್ಳು ಬೆಳೆದ ಬರೀ ಗುಡ್ಡೆ. ಅದರ ಮುಂದೆ ಮಂಡಿಯೂರಿದ. ಆಗ ಗುಂಡಿ ತೋಡುವ ಮುದುಕ ಬೀಡಿ ತೆಗೆದು ಕೇಳಿದ:

“ಯಾವ ಗೇಟಿಂದ ಎಣಿಸಿದಿ ತಮ್ಮಾ? ಆವಾಗ ಗೇಟು ಆ ಕಡೆ ಇತ್ತು. ರಸ್ತಾ ಆದ ಮ್ಯಾಲೆ ಅದನ್ನ ಮುಚ್ಚಿ ಈ ಕಡೆ ಒಡದಾರ.”

ಇದ್ದದ್ದು ಹನ್ನೆರಡೇ ಸಾಲು. ಆ ಕಡೆಯಿಂದ ಎಣಿಸಿದರೆ ಹನ್ನೊಂದರಲ್ಲಿ ನಾಲ್ಕನೆಯದು ಯಾವುದು ಗೊತ್ತೇ? ಬಿಳಿ ಅಮೃತಶಿಲೆ, ಬಂಗಾರದ ಅಕ್ಷರ. ಶ್ರೀಮಂತನ ತಂದೆಯ ಸಮಾಧಿ!

“ಸಾವಕಾರ್ರ ಅಪ್ಪಂದು ಹಳೇ ಲೆಕ್ಕದಾಗ ಎರಡನೇ ಸಾಲಿನ ನಾಲ್ಕನೇದು, ನಾನ ತೋಡೇನಿ. ನೀ ಮಂಡಿ ಊರಿದಿಯಲ್ಲ, ಅದ ಅವ್ರದು. ಹೊಸಾ ಗೇಟಿಂದ ಎಣಿಸಿ ಕಲ್ಲು ಹಾಕಿಸಿದ್ರು,” ಮುದುಕ ನಕ್ಕ. “ನನ್ನ ಯಾರು ಕೇಳಿದ್ರು?”

ಇಪ್ಪತ್ತು ವರ್ಷದಿಂದ ಶ್ರೀಮಂತ ಹಾರ ಹಾಕಿದ್ದು ಕುಂಟ ಸಿಪಾಯಿಗೆ. ಹೆತ್ತ ತಂದೆಯ ಮೇಲೆ ಮುಳ್ಳು. ಆ ಯುವಕನ ಎದೆಯಲ್ಲಿ ಏನೆದ್ದಿತು? ದುಃಖವೇ? ಸುಳ್ಳು ಯಾಕೆ ಹೇಳಲಿ, ಖುಷಿ! ಪುನರುತ್ಥಾನದ ಹಬ್ಬದ ಬೆಳಿಗ್ಗೆ ಸಭೆಯೆಲ್ಲ ಸ್ಮಶಾನಕ್ಕೆ ಬರುತ್ತದಲ್ಲ, ಅಲ್ಲಿ, ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ಕುದಿಯುತ್ತ ಮನೆಗೆ ಬಂದ.

ಅಜ್ಜಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು:

“ಇಪ್ಪತ್ತು ವರ್ಸ ಅವ್ರ ಎದಿ ಮ್ಯಾಲೆ ಹೂವು ಬಿದ್ದಾವು. ನಾ ಒಂದೂ ಹಾಕಲಿಲ್ಲ. ಯಾರರೆ ಅವ್ರ ಮುಂದ ಅತ್ತಾರಲ್ಲೋ. ಅದನ್ನ ಬಿಡಸಬ್ಯಾಡ.”

ಇಲ್ಲಿ ನಿಲ್ಲುತ್ತೇನೆ. ನಿಮ್ಮನ್ನು ಕೇಳುತ್ತೇನೆ. ನೀವು ಹಾರ ಹಾಕುವ ಕಲ್ಲಿನ ಕೆಳಗೆ ಯಾರಿದ್ದಾರೆ? ಗೊತ್ತೇ? ನಿಮ್ಮ ಬಾಗಿಲು ಕಾಯುವವನ ಹೆಸರೇನು? ಗೊತ್ತೇ? ಇವತ್ತು ಮನೆಗೆ ಹೋಗುವಾಗ ಕೇಳಿ. ಕುಂಟ, ಕುಡ್ಡ, ಸುಣ್ಣದವ ಎನ್ನುವ ಬಾಯಿ ಇವತ್ತೇ ತೊಳೆದುಕೊಳ್ಳಿ. ಹಬ್ಬಕ್ಕೆ ನಿಮ್ಮವರ ಗೋರಿ ಬಳಿದ ಮೇಲೆ ಉಳಿದ ಸುಣ್ಣ ಚೆಲ್ಲಬೇಡಿ, ಪಕ್ಕದ ಕಲ್ಲಿಲ್ಲದ ಗುಡ್ಡೆಗೆ ಹಚ್ಚಿ. ಯಾರಿಗೆ ಹಿಡಿ ಮಣ್ಣು ಕೊಡಬೇಕೆಂದಿದ್ದೀರೋ, ಅವರು ಉಸಿರಾಡುವಾಗಲೇ ಹೋಗಿ ಒಂದು ಮಾತಾಡಿ. ಜನ ಏನಂದಾರು ಎಂದು ಹೊಸ್ತಿಲಿಂದ ತಿರುಗಬೇಡಿ. ತಿರುಗಬೇಡಿ ಎನ್ನುತ್ತೇನೆ!

ಹಬ್ಬದ ಬೆಳಿಗ್ಗೆ ಏನಾಯಿತು, ಕೇಳಿ. ಎಲ್ಲರಿಗಿಂತ ಮೊದಲು ಆ ಯುವಕ ಬಂದು ಬರೀ ಗುಡ್ಡೆಯ ಮುಳ್ಳು ಕಿತ್ತ. ಒಂದರ ಮೇಲೊಂದು ಎರಡು ಕೈ ಸುಣ್ಣ ಬಳಿದ. ಆಮೇಲೆ ಅಜ್ಜಿಯ ಮೊಣಕೈ ಹಿಡಿದು ಅಮೃತಶಿಲೆಯ ಬುಡಕ್ಕೆ ತಂದ. ಅವಳು ಬಗ್ಗಿ, ಒಂದು ಹಿಡಿ ಮಣ್ಣು ಹಾಕಿ, ಉಸಿರಿಗೂ ಕೇಳದಷ್ಟು ಮೆಲ್ಲಗೆ, “ಯೋನಪ್ಪ” ಎಂದಳು.

ಹಾರ ಹಿಡಿದು ಶ್ರೀಮಂತ ಬಂದ, ಹಿಂದೆ ಸಭೆ.

“ಸಿಕ್ಕನೇನಲೇ ನಿನ್ನ ಸಿಪಾಯಿ? ಇಲ್ಲಾ ನಮ್ಮಪ್ಪನ ಹೂವು ಕದಿಯಾಕ ಬಂದೀಯೋ?”

ಸಭೆ ನಕ್ಕಿತು. ಮಾತು ಯುವಕನ ನಾಲಿಗೆಯ ತುದಿಯಲ್ಲಿತ್ತು. ತಲೆಯೆತ್ತಿ ನೋಡಿದ. ಕಲ್ಲಿಗೆ ಹಾರ ಹಾಕುತ್ತ ಶ್ರೀಮಂತ “ಅಪ್ಪಾ” ಎಂದ. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅಜ್ಜಿಯ ಅಂಗೈಗೆ ಕೆಂಪು ಮಣ್ಣು ಅಂಟಿಕೊಂಡಿತ್ತು. ಅವನು ಬಕೀಟು ಎತ್ತಿಕೊಂಡ, ಆ ಕೈ ಹಿಡಿದುಕೊಂಡ, ಹೊಸ ಸುಣ್ಣದಲ್ಲಿ ಹೊಳೆಯುತ್ತಿದ್ದ ಗುಡ್ಡೆಯನ್ನು ದಾಟಿ, ಉತ್ತರ ಕೊಡದೆ ನಡೆದುಬಿಟ್ಟ.