ಕೇಳದೇ ಕುಡಿದ ಕಾವಾ

ನಮ್ಮ ದ್ವೀಪದ ಸಿಂಗಟೋಕ ಪಟ್ಟಣದ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಪಕ್ಕದೂರಿನ ಮುದುಕಿ ತರೈವಿನಿ ನಿಂತಿದ್ದಳು. ಜೊತೆಯಲ್ಲಿ ಅವಳ ತಮ್ಮನ ಮಗ, ಊರಿನ ಮುಖಂಡ ಲೈಸಿಯಾಸ. ಬೈಗುಳ ಆಗಲೇ ಶುರುವಾಗಿತ್ತು.

"ಆ ಮ್ಯೂಸಿಯಂನವರು ಕಾವಾ ಬೇರು ತಂದು ಮುಂದಿಟ್ಟಾಗ, ಯಾಕೆ ಬಂದ್ರಿ ಅಂತ ಕೇಳ್ಲೇ ಇಲ್ವೇನೋ?"

"ಮರ್ಯಾದೆಗೆ ತಂದಿದ್ದಾರೆ ಅಂದ್ಕೊಂಡೆ, ಅತ್ತೆ."

"ಅಂದ್ಕೊಂಡು, ಕುಟ್ಟಿಸಿ, ನೀರಲ್ಲಿ ಕಲಸಿ ಕುಡಿದೆ! ಕುಡಿದ್ರೆ ಒಪ್ಪಿದ ಹಾಗೇ ಅಂತ ಗೊತ್ತಿಲ್ವಾ? ಮಾರನೇ ದಿನವೇ ನಮ್ಮ ಹಿರಿಯರನ್ನ ಹೂತ ಗುಡ್ಡ ಅಗೆದ್ರು."

"ನಮ್ಮೂರಿನ ಚರಿತ್ರೆ ಬರೀತಾರಂತೆ. ಹಳೇ ಮಡಕೆ ಚೂರು ಸಿಕ್ಕಿದೆ."

"ಮಡಕೆ ಚೂರು ಒಯ್ಯಲಿ. ನನ್ನ ಮುತ್ತಜ್ಜಿಯ ಮೂಳೆ ಯಾಕೆ ಒಯ್ದರು?"

"ಯಾರದು ಅಂತ ಅವರಿಗೆ ಗೊತ್ತಿರ್ಲಿಲ್ಲ."

"ಸುವಾದ ಮ್ಯೂಸಿಯಂನಲ್ಲಿ ಪೆಟ್ಟಿಗೆ ಮೇಲೆ 'ಗುರುತಿಲ್ಲದ ಹೆಂಗಸು' ಅಂತ ಬರೆದಿದ್ದಾರಂತೆ. ಅವಳ ಹೆಸರು ತರೈವಿನಿ ಕಣೋ! ಅದೇ ಹೆಸರನ್ನ ನನಗಿಟ್ಟಿದ್ದು. ಕೇಳಿದ್ರೆ ಊರಲ್ಲಿ ಯಾರು ಬೇಕಾದ್ರೂ ಹೇಳ್ತಿದ್ರು."

"ತಪ್ಪಾಯ್ತು ಅತ್ತೆ. ಅಲ್ಲಿ ನಾನೇ ಮಾತಾಡ್ತೀನಿ."

"ಮಾತಾಡ್ಲೇಬೇಕು. ಈ ಸಲ ಬೇರು ನಾವು ಇಡೋದು. ಏನು ಬೇಕು ಅಂತ ಮೊದಲೇ ಬಾಯಿಬಿಟ್ಟು ಹೇಳು."

ರಾಜಧಾನಿ ಸುವಾಕ್ಕೆ ಹೋಗುವ ಬಸ್ಸು ಬಂತು. ಲೈಸಿಯಾಸ ಸುತ್ತಿದ ಹೊಸ ಚಾಪೆಯೊಂದನ್ನು ಎತ್ತಿಕೊಂಡ.

"ಇದನ್ನ ಡಿಕ್ಕಿಗೆ ಹಾಕ್ಲಾ?"

"ಈಗ ಹಾಕು. ಬರುವಾಗ ಮುತ್ತಜ್ಜಿಯನ್ನ ಅದರಲ್ಲೇ ಸುತ್ತಿ, ಮನೆ ಮುಟ್ಟೋವರೆಗೂ ನಿನ್ನ ತೊಡೆ ಮೇಲೆ ಇಟ್ಕೊಂಡು ಬರ್ತೀಯ."

ಮುದುಕಿ ಬಸ್ಸು ಹತ್ತಿದಳು. ಅವನು ಚಾಪೆಯನ್ನು ಡಿಕ್ಕಿಗೆ ಹಾಕಲಿಲ್ಲ. ಎದೆಗೊತ್ತಿಕೊಂಡೇ ಹಿಂದೆ ಹತ್ತಿದ.