ಗದ್ದೆಪ್ಪನ ಕಂದೀಲು

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ, ಗಾಳಿ ಬರುತ್ತದೆ. ಹಾಂ... ಈಗ ಕೇಳಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ರಾಯಚೂರು ಕಡೆಯ ನಮ್ಮ ಜಾಲಹಳ್ಳಿಯಲ್ಲಿ, ನಮ್ಮ ಪಕ್ಕದ ಮನೆಯ ಹಾಲೇಶನಿಗೆ ಆದದ್ದು. ಕುರಿ ಕಾಯುವ ಗದ್ದೆಪ್ಪನ ಮಗ. ವಾಯುಸೇನೆಯ ಹೆಲಿಕಾಪ್ಟರಿನಲ್ಲಿ ಕೆಲಸ. ಪೈಲಟ್ ಅಲ್ಲ. ಬಾಗಿಲ ಬಳಿ ಕೂತು, ಕೆಳಗೆ ಸಿಕ್ಕಿಬಿದ್ದವರನ್ನು ಹಗ್ಗ ಬಿಟ್ಟು ಮೇಲೆಳೆಯುವವನು. ದೆವ್ವ ಗಿವ್ವ ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಈಗ ನಗುವುದಿಲ್ಲ.

ಮೊದಲು ಬಾವಿಯ ಮಾತು. ಹೋದ ಬೇಸಿಗೆಯಲ್ಲಿ ಹಾಲೇಶ ರಜೆಗೆ ಬಂದ ರಾತ್ರಿ, ದೇವದುರ್ಗದ ಕೊನೆಯ ಬಸ್ಸು ತಡವಾಗಿತ್ತು. ಊರಲ್ಲಿ ಕರೆಂಟಿಲ್ಲ. ಕೈಯಲ್ಲಿದ್ದ ಮೊಬೈಲೂ ಸತ್ತಿತ್ತು. ಹೊಲದ ದಾರಿ ಹಿಡಿದು ಹಳೆ ಬಾವಿಯ ಹತ್ತಿರ ಬರುವಾಗ ಎದುರಿಗೆ ಒಂದು ಹಳದಿ ಬೆಳಕು ಕಂಡಿತು. ಕಿರ್... ಕಿರ್... ಕಂದೀಲಿನ ಹಿಡಿಕೆಯ ಸದ್ದು. ಬೆಳಕು ಅಡ್ಡಡ್ಡ ಆಡುತ್ತಿತ್ತು. ಎರಡು ಸಲ ಸರಾಗ, ಮೂರನೆಯದಕ್ಕೆ ನಡುವೆಯೇ ತಡೆದು ನಿಲ್ಲುವುದು. ಗದ್ದೆಪ್ಪನ ಬಲ ಭುಜಕ್ಕೆ ಒಮ್ಮೆ ಟಗರು ಗುದ್ದಿತ್ತು, ಅಂದಿನಿಂದ ಅವನ ಕೈ ಹಾಗೇ.

ನಮ್ಮ ಕುರಿಗಾರರ ಕೂಗು ರಾತ್ರಿ ಗಾಳಿಗೆ ಹಾರಿಹೋಗುತ್ತದೆ. ಅದಕ್ಕೇ ಅವರು ಕಂದೀಲಿನಲ್ಲೇ ಮಾತಾಡುತ್ತಾರೆ. ಮೇಲೆ ಕೆಳಗೆ ಆಡಿಸಿದರೆ ಬಾ ಅಂತ. ಅಡ್ಡ ಆಡಿಸಿದರೆ ಬರಬೇಡ ಅಂತ. ಹಾಲೇಶ ಇದ್ದಲ್ಲೇ ನಿಂತ. ಅಪ್ಪ ಹತ್ತಿರ ಬಂದು ಪಿಸುಮಾತಿನಲ್ಲಿ ಅಂದ:

"ಬಾವಿ ಕಟ್ಟಿ ಕುಸದು ಬಿದ್ದದೋ ತಮ್ಮಾ. ಇನ್ನೊಂದ್ ಹೆಜ್ಜಿ ಇಟ್ಟಿದ್ರ ಒಳಗಿರ್ತಿದ್ದಿ."

ಹಾಲೇಶ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಆದರೂ ಮಿಲಿಟರಿಯವನಲ್ಲವೇ, ನಕ್ಕ.

"ಇನ್ನೂ ಈ ಡಬ್ಬಿ ಹಿಡ್ಕೊಂಡು ತಿರಗ್ತಿ ಏನಪ್ಪಾ? ನಾಳಿ ಬ್ಯಾಟ್ರಿ ಕೊಡಸ್ತೀನಿ ತಗೋ."

"ಈ ಡಬ್ಬಿನೇ ಈಗ ನಿನ್ನ ಉಳಿಸ್ಯಾದ, ಸುಮ್ನ ನಡಿ ಲೇ."

ಮರುದಿನ ಹಾಲೇಶ ರಾಯಚೂರಿಗೆ ಹೋಗಿ ಒಳ್ಳೆಯ ಬ್ಯಾಟರಿಯನ್ನೇ ತಂದ. ಮುದುಕ ಬೈದುಕೊಂಡೇ ತೆಗೆದುಕೊಂಡ, ಊರೆಲ್ಲ ತೋರಿಸಿಕೊಂಡೂ ಬಂದ. ಕಂದೀಲಿನ ಎಣ್ಣೆ ಬಸಿದು, ಒರೆಸಿ, ಪಡಸಾಲೆಯ ಗೂಟಕ್ಕೆ ತೂಗುಹಾಕಿದ. ಅದು ಅಲ್ಲೇ ಉಳಿಯಿತು.

ಆಮೇಲೆ ಮಳೆಗಾಲ. ಕೃಷ್ಣೆ ದಂಡೆ ಮೀರಿ ಬಂದಳು, ಆ ಕಡೆ ತುಂಗಭದ್ರೆಯೂ ಬಿಡಲಿಲ್ಲ. ಹಾಲೇಶನ ಹೆಲಿಕಾಪ್ಟರನ್ನು ರಾಯಚೂರಿಗೇ ಕಳಿಸಿದ್ದರು. ಹಗಲೆಲ್ಲ ಮಾನ್ವಿ ಕಡೆ ನೀರಲ್ಲಿ ಸಿಕ್ಕವರನ್ನು ಎತ್ತಿ ಎತ್ತಿ ಅವನ ಅಂಗೈ ಸುಲಿದಿತ್ತು. ಕತ್ತಲಾಗುವ ಹೊತ್ತಿಗೆ ಅವ್ವ ಜಂಬಮ್ಮನ ಫೋನು ಬಂತು.

"ಹಾಲೇಶಾ... ನಿಮ್ಮಪ್ಪ ಗೂಗಲ್ ಊರ ಹಂತೇಕ ಹೊಳಿ ನಡುಗಡ್ಡಿಯಾಗ ಅದಾನೋ. ಸುತ್ತ ನೀರು ಬಂದದ. ಕುರಿ ಬಿಟ್ಟು ಬರಂಗಿಲ್ಲ ಅಂದ. ಈಗ ಫೋನು ಹತ್ತವಲ್ದು."

"ಅಳಬ್ಯಾಡಬೇ ಯವ್ವಾ. ನಾ ಅದೀನಿ. ನಾನೇ ಹೋಗಿ ಕರ್ಕೊಂಡ್ ಬರ್ತೀನಿ."

ಅವ್ವನಿಗೆ ಮಾತು ಕೊಟ್ಟುಬಿಟ್ಟ. ಪೈಲಟ್ ಸಾಹೇಬನ ಕಾಲಿಗೆ ಬೀಳುವುದೊಂದು ಬಾಕಿ. ಸಾಹೇಬ ಪಂಜಾಬದ ಕಡೆಯವನು, ಹಿಂದಿಯಲ್ಲಿ ನೇರ ಹೇಳಿದ: "ಹೋಗೋಣ. ಆದರೆ ಇರುವ ಎಣ್ಣೆ ಒಂದು ಕಡೆ ಹೋಗಿ ಬರುವಷ್ಟೇ. ಅಲ್ಲಿ ಸಿಗಲಿಲ್ಲ ಅಂದರೆ ಹುಡುಕಲು ಆಗುವುದಿಲ್ಲ." ಹಾಲೇಶ ತಲೆಯಾಡಿಸಿದ. ಸಿಗದೆ ಎಲ್ಲಿಗೆ ಹೋಗುತ್ತಾನೆ ಅಪ್ಪ?

ಡಬ ಡಬ ಡಬ ಡಬ... ಹೆಲಿಕಾಪ್ಟರ್ ಎದ್ದಿತು. ಕೆಳಗೆ ಊರಿಲ್ಲ, ಹೊಲವಿಲ್ಲ, ಬರೀ ಕಪ್ಪು ನೀರು. ಹಾಲೇಶ ತೆರೆದ ಬಾಗಿಲಲ್ಲಿ ಕೂತು ಗೊತ್ತಿರುವ ದೇವರನ್ನೆಲ್ಲ ಕರೆಯುತ್ತಿದ್ದ. ಗೂಗಲ್ಲಿನ ಅಲ್ಲಮಪ್ರಭುವಿಗಂತೂ ಏನೇನು ಹರಕೆ ಹೊತ್ತನೋ ಅವನಿಗೇ ನೆನಪಿಲ್ಲ.

ಆಗ ಕಂಡಿತು.

ಎಡಗಡೆ, ಇವರಷ್ಟೇ ಎತ್ತರದಲ್ಲಿ... ಒಂದು ಹಳದಿ ಬೆಳಕು. ಇವರ ಜೊತೆಗೇ ಬರುತ್ತಿತ್ತು. ಇವರು ಜೋರು ಮಾಡಿದರೆ ಅದೂ ಜೋರು. ಸಾಹೇಬ ರೇಡಿಯೋದಲ್ಲಿ ಕೇಳಿದ, ಯಾರದು, ಗುರುತು ಹೇಳಿ ಅಂತ. ಉತ್ತರವಿಲ್ಲ. ರಾಯಚೂರಿನವರನ್ನು ಕೇಳಿದರೆ, ಆಕಾಶದಲ್ಲಿ ನಿಮ್ಮನ್ನು ಬಿಟ್ಟು ಇನ್ನೊಂದಿಲ್ಲ ಅಂದರು. ಎದುರಿನ ಪರದೆಯ ಮೇಲೂ ಏನೂ ಇಲ್ಲ. ಆದರೆ ಮೂವರ ಕಿವಿಯಲ್ಲೂ... ಸಾಹೇಬ, ಪಕ್ಕದ ಪೈಲಟ್, ಹಾಲೇಶ, ಮೂವರ ಕಿವಿಯಲ್ಲೂ ಕೇಳಿಸಿತು.

ಕಿರ್... ಕಿರ್... ಕಿರ್...

"ಏನದು ಸದ್ದು?" ಸಾಹೇಬ ಕೇಳಿದ.

ಹಾಲೇಶ ಬಾಗಿಲಿಂದ ಹೊರಗೆ ಬಾಗಿ ನೋಡಿದ. ಬೆಳಕು ಅಡ್ಡಡ್ಡ ಆಡುತ್ತಿತ್ತು. ಎರಡು ಸಲ ಸರಾಗ. ಮೂರನೆಯದಕ್ಕೆ ತಡೆದು ನಿಲ್ಲುವುದು.

ಬರಬೇಡ.

ನಡುಗಡ್ಡೆಯಲ್ಲಿ ಕೂತವನ ಕೈ ಆಕಾಶದಲ್ಲಿ ಹೇಗೆ ಬಂತು? ಹಾಲೇಶನಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಗೊತ್ತಾಗಿಯೂ ಒಪ್ಪಲಿಲ್ಲ. "ನೇರ ನಡೀರಿ ಸಾಹೇಬ್, ನಿಲ್ಲಬೇಡಿ" ಎಂದು ಕೂಗಿದ. ಬೆಳಕು ಸರ್ರನೆ ಮುಂದಿನ ಗಾಜಿಗೆ ಅಡ್ಡ ಬಂತು. ಹುಚ್ಚು ಹಿಡಿದವರ ಹಾಗೆ ಆಡತೊಡಗಿತು. ಸಾಹೇಬ ಹೆಲಿಕಾಪ್ಟರನ್ನು ತಡೆದು ಗಾಳಿಯಲ್ಲೇ ನಿಲ್ಲಿಸಿದ. ಅಷ್ಟರಲ್ಲಿ ಇನ್ನೊಂದು ಆಯಿತು. ಬೆಳಕು ಗಕ್ಕನೆ ನಿಂತಿತು. ಯಾರೋ ಹಿಡಿದುಕೊಂಡಂತೆ ಅಲ್ಲೇ ನಡುಗಿತು... ನಡುಗಿ, ಕೊಸರಿಕೊಂಡು, ಮತ್ತೆ ಆಡಿತು.

ಆಮೇಲೆ ಅದು ಹೊಳೆ ಇಳಿಯುವ ದಿಕ್ಕಿಗೆ ಸರಿಯಿತು. ನಡುಗಡ್ಡೆಯ ದಾರಿಯೇ ಅಲ್ಲ ಅದು. ದೂರ ಹೋಗಿ ನಿಂತು ಮೇಲೆ ಕೆಳಗೆ ಆಡಿತು. ಮೇಲೆ, ಕೆಳಗೆ...

ಬಾ.

"ಹಾಲೇಶ, ನೀನು ಈ ಕಡೆಯವನು. ಬೇಗ ಹೇಳು. ಎಣ್ಣೆ ಉರಿಯುತ್ತಿದೆ. ಎಲ್ಲಿಗೆ?"

ಅದರ ಹಿಂದೆ ಹೋದರೆ ಅಪ್ಪನ ಹತ್ತಿರ ಹೋಗಲು ಎಣ್ಣೆ ಇಲ್ಲ. ಅವ್ವನಿಗೆ ಕೊಟ್ಟ ಮಾತು ಅಲ್ಲೇ ಮುಗಿಯಿತು. ಅಪ್ಪ ಇನ್ನೂ ಬದುಕಿದ್ದರೆ? ಬ್ಯಾಟರಿ ಹಿಡಿದುಕೊಂಡು ಮೇಲೆ ನೋಡುತ್ತಾ ಕೂತಿದ್ದರೆ? ಹಾಲೇಶ ಬಾಗಿಲ ಸರಳು ಹಿಡಿದು ಚಿಕ್ಕ ಹುಡುಗನ ಹಾಗೆ ಅತ್ತ. ಬಾವಿಯ ರಾತ್ರಿ ಅವನು ಆ ಬೆಳಕಿನ ಮಾತು ಕೇಳಿದ್ದ, ಅದಕ್ಕೇ ಉಳಿದಿದ್ದ.

"ಬೆಳಕಿನ ಹಿಂದೆ ಹೋಗಿ ಸಾಹೇಬ್."

"ನಿನ್ನ ತಂದೆ?"

"ಬರಬೇಡ ಅಂತ... ಅವರೇ ಹೇಳುತ್ತಿದ್ದಾರೆ ಸಾಹೇಬ್."

ಸಾಹೇಬ ಹೆಲಿಕಾಪ್ಟರ್ ತಿರುಗಿಸಿದ.

ಬೆಳಕು ಒಂದು ಕಡೆ ನಿಂತು, ಕೆಳಗಿಳಿದು, ಆರಿಹೋಯಿತು. ಅಲ್ಲಿಗೆ ಹೆಲಿಕಾಪ್ಟರಿನ ದೊಡ್ಡ ದೀಪ ಬಿಟ್ಟು ನೋಡಿದರೆ, ನೀರ ನಡುವೆ ಪಂಪ್‌ಸೆಟ್ಟಿನ ಸಣ್ಣ ಮನೆ. ಮಾಳಿಗೆಯ ಮೇಲೆ ಮೊಣಕಾಲುದ್ದ ನೀರಿನಲ್ಲಿ ಪಕೀರಮ್ಮ ಅನ್ನುವ ಕೂಲಿ ಹೆಂಗಸು, ಹೆಗಲ ಮೇಲೊಂದು, ಸೊಂಟದಲ್ಲೊಂದು ಮಗು. ಅವಳು ಅಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಮಕ್ಕಳನ್ನು ಎಳೆದುಕೊಂಡು, ಕೊನೆಗೆ ಅವಳನ್ನು ಎತ್ತುವಾಗ ಕೆಳಗಿನಿಂದ ಧೊಪ್ ಅಂದಿತು. ಆ ಮನೆಯೇ ಇರಲಿಲ್ಲ.

ಹಾಲೇಶ ಅವಳ ಕಿವಿಗೆ ಬಾಯಿಟ್ಟು ಕೇಳಿದ. "ಕಂದೀಲು ಯಾರು ಹಿಡಿದಿದ್ರಬೇ ಯವ್ವಾ?"

"ಎಲ್ಲೀ ಕಂದೀಲೋ ಯಪ್ಪಾ? ಕಡ್ಡಿಪೆಟ್ಟಿಗಿ ಸೈತ ತೋದು ಮುದ್ದಿ ಆಗಿತ್ತು. ಕತ್ತಲ್ದಾಗ ಸಾಯೂದ ಕಾಯ್ಕೋತ ಕುಂತಿದ್ವಿ."

ವಾಪಸು ಬರುವಾಗ ಹಾಲೇಶ ಒಂದೇ ಒಂದು ಸುತ್ತು ಅಂತ ಕೈಮುಗಿದ. ಸಾಹೇಬ ಎಣ್ಣೆಯ ಮುಳ್ಳು ತೋರಿಸಿದ. ಅದು ಕೆಂಪಿಗೆ ಬಂದಿತ್ತು.

ಮರುದಿನ ತೆಪ್ಪದವರು ಹೇಳಿದರು. ನಡುಗಡ್ಡೆ ಸಂಜೆಗೇ ಮುಳುಗಿತ್ತಂತೆ, ಹೆಲಿಕಾಪ್ಟರ್ ಏಳುವುದಕ್ಕಿಂತ ಮೊದಲೇ. ನೀರು ಇಳಿದ ಮೇಲೆ ಗದ್ದೆಪ್ಪ ಜಾಲಿ ಮರವೊಂದರ ಬುಡದಲ್ಲಿ ಸಿಕ್ಕ. ಮಗ ಕೊಟ್ಟ ಬ್ಯಾಟರಿಯನ್ನು ಸೊಂಟಕ್ಕೆ ಧೋತರದಲ್ಲಿ ಬಿಗಿಯಾಗಿ ಕಟ್ಟಿಕೊಂಡಿದ್ದ.

ಹಾಲೇಶ ಮನೆಗೆ ಬಂದು ಅವ್ವನ ಮುಂದೆ ಕುಸಿದು ಕೂತ. "ತರಾಕ ಆಗಲಿಲ್ಲಬೇ..." ಅಂದ. ಜಂಬಮ್ಮ ಅಳಲಿಲ್ಲ. ಗೂಟದ ಕಡೆ ನೋಡಿದಳು. ಕಂದೀಲು ಅಲ್ಲೇ ಇತ್ತು.

"ಆವತ್ತ ರಾತ್ರಿ ಅದು ತಾನಾ ಆಡಾಕತ್ತಿತ್ತೋ ಹಾಲೇಶಾ," ಅಂದಳು, ಮೆಲ್ಲಗೆ. "ಗಾಳಿ ಇದ್ದಿಲ್ಲ. ಕಿರ್ ಕಿರ್ ಅಂತ... ಅಡ್ಡಡ್ಡ. ನನಗ ಅಂಜಿಕಿ ಆಗಿ ಎದ್ದು ಹೋಗಿ ಗಟ್ಟಿ ಹಿಡ್ಕೊಂಡೆ. ನಿಂದರವಲ್ದು. ಕೈಯಾಗಿಂದ ಕೊಸರ್ಕೊಂಡು ಮತ್ತ ಆಡ್ತು."

ಬಲ ಅಂಗೈ ಬಿಚ್ಚಿ ತೋರಿಸಿದಳು. ಕಂದೀಲಿನ ಗಾಜಿನಷ್ಟು ದುಂಡಗೆ ಸುಟ್ಟು ಬೊಬ್ಬೆ ಎದ್ದಿತ್ತು.

ಹಾಲೇಶ ಕಂದೀಲು ಇಳಿಸಿ ಬಿಚ್ಚಿದ. ಬುಡದಲ್ಲಿ ಹನಿ ಎಣ್ಣೆ ಇಲ್ಲ. ಬತ್ತಿ ಒಣಗಿತ್ತು. ಗಾಜಿನೊಳಗೆ ಜೇಡ ಕಟ್ಟಿದ ಬಲೆ ಹರಿಯದೆ ಹಾಗೇ ಇತ್ತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಸಾಹೇಬ ತನ್ನ ಮೇಲಧಿಕಾರಿಗಳ ಮುಂದೆ ಬೆಳಕು ಕಂಡದ್ದು ನಿಜ ಅಂತಲೇ ಹೇಳಿದ್ದಾನೆ, ಏನು ಅಂತ ಕೇಳಿದರೆ ಗೊತ್ತಿಲ್ಲ ಅಂದಿದ್ದಾನೆ. ಅವನನ್ನು ಕೇಳಲು ನಿಮಗೆ ಆಗುವುದಿಲ್ಲ. ಜಾಲಹಳ್ಳಿಗೆ ಬರಲು ಆಗುತ್ತದಲ್ಲ, ಬನ್ನಿ. ಜಂಬಮ್ಮ ರೊಟ್ಟಿ ಬಡಿಯುವಾಗ ಹೋಗಿ ನಿಂತು ನೋಡಿ. ಈಗಲೂ ಎಡಗೈಯಲ್ಲೇ ಬಡಿಯುತ್ತಾಳೆ.